ಆಟಿಕೆ ಲಾರಿ, ನಿಜವಾದ ರಾತ್ರಿ: ಪುಟಾಣಿ ಗಾಡಿಗಳ ಫೋಟೊಗ್ರಫಿ

ನಾನು ಮಾತಾಡ್ತಿರೋದು ರಾಜೇಶ್ವರದಿಂದ. ಹೊಸದಾಗಿ ಸೇರಿಕೊಂಡವರಿಗೆ ಹೇಳ್ತೀನಿ: ಬೀದರ್ ಜಿಲ್ಲೆ, ಬಸವಕಲ್ಯಾಣ ತಾಲ್ಲೂಕು. ಹುಮನಾಬಾದ್ ದಾಟಿ ಬಸವಕಲ್ಯಾಣದ ಕಡೆ ಹೊರಟರೆ ನಡುವೆ ಸಿಗೋ ಊರು. ಹೈದರಾಬಾದ್‌ನಿಂದ ಸೊಲ್ಲಾಪುರ, ಪುಣೆ ಕಡೆ ಹೋಗೋ ಹೆದ್ದಾರಿ ನಮ್ಮ ಪಕ್ಕದಲ್ಲೇ ಹಾದುಹೋಗ್ತದೆ. ಈಗ ಅದರ ನಂಬರ್ 65. ನಮ್ಮ ಹಿರಿಯರ ಬಾಯಲ್ಲಿ ಮಾತ್ರ ಇವತ್ತಿಗೂ ಅದು 'ನಂಬರ್ 9'. ಮಧ್ಯೆ ಮಧ್ಯೆ ಹಾರ್ನ್ ಕೇಳಿಸಿದ್ರೆ ಬೇಜಾರಾಗಬೇಡಿ, ಅದನ್ನ ಎಡಿಟ್ ಮಾಡಿ ತೆಗೆದ್ರೆ ಇದು ನಮ್ಮೂರಿನ ಪಾಡ್‌ಕಾಸ್ಟ್ ಅನ್ನಿಸೋದೇ ಇಲ್ಲ.

ಸಾಲ, ಬಡ್ಡಿ, ಜಿಎಸ್‌ಟಿ ಅಂತ ತಲೆ ತಿನ್ನೋ ಬಿಕಾಂ ಹುಡುಗ ಇವತ್ತು ಬೇರೆ ವಿಷಯ ತಂದಿದ್ದಾನೆ. ಪುಟಾಣಿ ಮಾಡೆಲ್ ಕಾರು, ಲಾರಿಗಳನ್ನ ರಾತ್ರಿ ಹೊತ್ತು ನಿಜವಾದ ಗಾಡಿಯ ಹಾಗೆ ಕಾಣೋ ಥರ ಫೋಟೊ ತೆಗೆಯೋದು. ಎರಡು ವರ್ಷದಿಂದ ಇದು ನನ್ನ ಹುಚ್ಚು. ಆದ್ರೆ ಲೆಕ್ಕ ಬಿಟ್ಟು ಬಂದಿಲ್ಲ, ಇದರಲ್ಲೂ ಲೆಕ್ಕವೇ ಜಾಸ್ತಿ.

ಮೊದಲು ಅಳತೆಯ ಮಾತು. ಮಾಡೆಲ್ ಡಬ್ಬಿಯ ಮೇಲೆ 1:18, 1:24, 1:43, 1:64 ಅಂತ ಬರೆದಿರ್ತದೆ. 1:24 ಅಂದ್ರೆ ನಿಜವಾದ ಗಾಡಿಯ 24 ಸೆಂಟಿಮೀಟರ್ ಇಲ್ಲಿ 1 ಸೆಂಟಿಮೀಟರ್. ಮಾರುತಿ 800 ತಗೊಳ್ಳಿ, ಉದ್ದ ಸುಮಾರು 3.3 ಮೀಟರ್. 1:18ರಲ್ಲಿ ಅದು ಒಂದು ಗೇಣಿಗಿಂತ ಕಮ್ಮಿ. 1:43ರಲ್ಲಿ ಎಂಟು ಸೆಂಟಿಮೀಟರೂ ಇಲ್ಲ. 43 ಅನ್ನೋ ವಿಚಿತ್ರ ಸಂಖ್ಯೆ ಬಂದಿದ್ದು ಆಟಿಕೆ ರೈಲಿನಿಂದ. ಬ್ರಿಟನ್ನಿನಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಅನ್ನೋ ಲೆಕ್ಕದಲ್ಲಿ ರೈಲು ಮಾಡ್ತಿದ್ರು, ಆ ರೈಲಿನ ಪಕ್ಕ ನಿಲ್ಲಿಸೋಕೆ ಕಾರು ಬೇಕಾಯ್ತು, ಭಾಗಿಸಿದ್ರೆ ಬರೋದು ಹೆಚ್ಚುಕಮ್ಮಿ 43. ಇನ್ನು ಜೇಬಲ್ಲಿ ಇಟ್ಕೊಳ್ಳೋ ಸಣ್ಣ ಕಾರುಗಳು: ಲೆಸ್ನಿ ಕಂಪನಿಯ ಮ್ಯಾಚ್‌ಬಾಕ್ಸ್ 1953ರಲ್ಲಿ, ಮ್ಯಾಟೆಲ್‌ನ ಹಾಟ್ ವೀಲ್ಸ್ 1968ರಲ್ಲಿ. ಮ್ಯಾಚ್‌ಬಾಕ್ಸ್ ಹಿಂದೊಂದು ಪ್ರಸಿದ್ಧ ಕಥೆ ಇದೆ. ಕಂಪನಿಯ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದಲ್ಲಿ ಹಿಡಿಸೋ ಆಟಿಕೆ ಮಾತ್ರ ತರಬಹುದಿತ್ತಂತೆ. ಅಪ್ಪ ಅಷ್ಟೇ ಸಣ್ಣದು ಮಾಡಿಕೊಟ್ಟರು.

ಈಗ ಫೋಟೊಗೆ ಬರೋಣ. ಆಟಿಕೆ ಆಟಿಕೆ ಹಾಗೇ ಕಾಣೋದಕ್ಕೆ ಮೊದಲ ಕಾರಣ ನಾವು ಅದನ್ನ ಮೇಲಿಂದ ನೋಡೋದು. ರಸ್ತೆಯಲ್ಲಿ ನಿಂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿರ್ತದೆ. ಇದನ್ನ ಮಾಡೆಲ್‌ನ ಅಳತೆಯಿಂದ ಭಾಗಿಸಿ. 1:18ಕ್ಕೆ 9 ಸೆಂಟಿಮೀಟರ್, 1:24ಕ್ಕೆ ಏಳಕ್ಕೆ ಸ್ವಲ್ಪ ಕಮ್ಮಿ, 1:43ಕ್ಕೆ ನಾಲ್ಕೂ ಇಲ್ಲ, 1:64ಕ್ಕೆ ಎರಡೂವರೆ. ನಿಮ್ಮ ಲೆನ್ಸ್ ಇರಬೇಕಾದ ಎತ್ತರ ಅಷ್ಟೇ. ದೊಡ್ಡ ಕ್ಯಾಮೆರಾ ಅಷ್ಟು ಕೆಳಗೆ ಇಳಿಯೋದು ಕಷ್ಟ. ಮೊಬೈಲ್ ತಲೆಕೆಳಗಾಗಿ ಹಿಡೀರಿ, ಲೆನ್ಸ್ ನೆಲಕ್ಕೆ ತಾಗಿಕೊಂಡೇ ಬರ್ತದೆ. ಖರ್ಚಿಲ್ಲದ ಉಪಾಯ.

ಮೊಬೈಲ್‌ನಿಂದ ಇನ್ನೊಂದು ಲಾಭ. ಹತ್ತಿರದಿಂದ ಫೋಟೊ ತೆಗೆದಾಗ ಮುಂದಿನ ಬಂಪರ್ ಸ್ಪಷ್ಟ, ಹಿಂದಿನ ಬಾಗಿಲು ಮಸುಕು ಅಂತಾದ್ರೆ ನೋಡೋರ ಕಣ್ಣು ತಕ್ಷಣ 'ಇದು ಸಣ್ಣ ವಸ್ತು' ಅಂತ ತೀರ್ಮಾನ ಮಾಡಿಬಿಡ್ತದೆ. ನಿಜವಾದ ಲಾರಿಯನ್ನ ಹತ್ತು ಮೀಟರ್ ದೂರದಿಂದ ತೆಗೆದ್ರೆ ಹಾಗಾಗಲ್ಲ. ಮೊಬೈಲ್‌ನ ಸೆನ್ಸರ್ ಸಣ್ಣದು, ಅದಕ್ಕೇ ಮುಂದಿನಿಂದ ಹಿಂದಿನವರೆಗೆ ಹೆಚ್ಚು ಭಾಗ ಸ್ಪಷ್ಟವಾಗಿ ಬರ್ತದೆ. ದೊಡ್ಡ ಕ್ಯಾಮೆರಾ ಇದ್ದವರು ಎಫ್ 11, ಎಫ್ 16ರವರೆಗೆ ಕಿಂಡಿ ಸಣ್ಣದು ಮಾಡಬೇಕು, ಕೆಲವರು ಫೋಕಸ್ ಸರಿಸುತ್ತಾ ಹತ್ತಾರು ಫೋಟೊ ತೆಗೆದು ಕೂಡಿಸ್ತಾರೆ.

ಹಾಗಾದ್ರೆ ರಾತ್ರಿನೇ ಯಾಕೆ? ಹಗಲಲ್ಲಿ ಸೂರ್ಯ ನಮ್ಮ ಮಾತು ಕೇಳಲ್ಲ. ರಾತ್ರಿ ಎಲ್ಲ ಬೆಳಕೂ ನಮ್ಮ ಕೈಯಲ್ಲಿ. ಎಲ್ಲಿ ಟಾರ್ಚ್ ಬಿಡ್ತೀವೋ ಅಷ್ಟೇ ಜಗತ್ತು ಕಾಣ್ತದೆ, ಉಳಿದದ್ದನ್ನ ಕತ್ತಲೆ ಮುಚ್ಚಿಕೊಳ್ತದೆ. ಹಿಂದೆ ಇರೋ ಹಗ್ಗದ ಮೇಲೆ ಒಣ ಹಾಕಿದ ಲುಂಗಿನೂ ಕಾಣಲ್ಲ.

ಬೀದರ್ ಜಿಲ್ಲೆಯವರಿಗೆ ಇದನ್ನ ಹೊಸದಾಗಿ ಹೇಳಬೇಕಾಗಿಲ್ಲ. ಬಿದ್ರಿ ಕೆಲಸ ನೋಡಿದ್ದೀರಲ್ಲ? ಸತುವೇ ಹೆಚ್ಚಿರೋ, ಸ್ವಲ್ಪ ತಾಮ್ರ ಬೆರೆಸಿದ ಲೋಹದಲ್ಲಿ ಹೂಜಿ ಎರಕ ಹೊಯ್ದು, ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಕೂಡಿಸ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕೂಡಿಸಿದ ನೀರಲ್ಲಿ ಹಾಕ್ತಾರೆ. ಲೋಹ ಕಪ್ಪಾಗ್ತದೆ, ಬೆಳ್ಳಿ ಕಪ್ಪಾಗಲ್ಲ. ಅಲ್ಲಿಯವರೆಗೆ ಸರಿಯಾಗಿ ಕಾಣದ ಚಿತ್ರ ಆಗ ಎದ್ದು ಬರ್ತದೆ. 2006ರಲ್ಲಿ ಜಿಐ ಮಾನ್ಯತೆ ಸಿಕ್ಕ ಕಲೆ ಇದು, 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಕಾದ್ರಿ ಅವರಿಗೆ ಪದ್ಮಶ್ರೀ ಬಂತು. ರಾತ್ರಿ ಗಾಡಿಯ ಫೋಟೊ ಅಂದ್ರೆ ಹೆಚ್ಚುಕಮ್ಮಿ ಇದೇ. ಇಡೀ ಗಾಡಿಗೆ ಬೆಳಕು ಸುರಿಯಬಾರದು. ಛಾವಣಿಯ ಅಂಚಿಗೊಂದು ಗೆರೆ, ಬಾನೆಟ್ ತಿರುವಿಗೊಂದು ಗೆರೆ, ಚಕ್ರದ ಸುತ್ತ ಅರ್ಧ ಗೆರೆ. ಉಳಿದದ್ದು ಕಪ್ಪಾಗಿರಲಿ.

ಆ ಗೆರೆ ಬರೋದು ಹೇಗೆ? ಹೊಳೆಯೋ ಬಣ್ಣದ ಮೇಲೆ ನೇರ ಟಾರ್ಚ್ ಬಿಟ್ಟರೆ ಒಂದು ಬಿಳಿ ಚುಕ್ಕೆ ಬೀಳ್ತದೆ, ಪ್ಲಾಸ್ಟಿಕ್ ಅಂತ ಗೊತ್ತಾಗಿಬಿಡ್ತದೆ. ಅದಕ್ಕೆ ಟಾರ್ಚ್ ಮುಂದೆ ಟ್ರೇಸಿಂಗ್ ಪೇಪರ್ ಹಿಡೀಬೇಕು, ಉದ್ದುದ್ದ, ಪಟ್ಟಿ ಥರ. ಆ ಪಟ್ಟಿಯ ಪ್ರತಿಬಿಂಬ ಗಾಡಿಯ ಮೈಮೇಲೆ ಗೆರೆಯಾಗಿ ಓಡ್ತದೆ. ಮೊಬೈಲನ್ನ ಸ್ಟ್ಯಾಂಡಿಗೆ ಕಟ್ಟಿ, ಪ್ರೊ ಮೋಡ್‌ನಲ್ಲಿ ಐಎಸ್‌ಒ 100 ಇಟ್ಟು, ಶಟರ್ ಹತ್ತರಿಂದ ಮೂವತ್ತು ಸೆಕೆಂಡು ತೆರೆದಿಡಿ. ಅಷ್ಟು ಹೊತ್ತಲ್ಲಿ ಬೆಳಕಿನ ಪಟ್ಟಿಯನ್ನ ಗಾಡಿಯ ಮೇಲೆ ನಿಧಾನಕ್ಕೆ ಒಂದು ಸಲ ಆಡಿಸಿ. ಸುಣ್ಣ ಹಚ್ಚಿದ ಹಾಗೆ. ಕೈ ನಿಂತಲ್ಲಿ ಬೆಳಕು ಜಾಸ್ತಿ ಕೂಡ್ತದೆ, ಅದಕ್ಕೇ ಒಂದೇ ವೇಗ ಇರಬೇಕು.

ಬೀದಿದೀಪಕ್ಕೂ ಲೆಕ್ಕ ಇದೆ. ಹೆದ್ದಾರಿಯ ಕಂಬ ಸುಮಾರು 8 ಮೀಟರ್ ಅಂದ್ಕೊಳ್ಳಿ. 24ರಿಂದ ಭಾಗಿಸಿದ್ರೆ 33 ಸೆಂಟಿಮೀಟರ್. ಟಾರ್ಚನ್ನ ಸರಿಯಾಗಿ ಅಷ್ಟೇ ಎತ್ತರದಲ್ಲಿ ಹಿಡಿದ್ರೆ ಬೆಳಕು ಕಂಬದ ಕೆಳಗೆ ಜೋರು, ಪಕ್ಕಕ್ಕೆ ಸರಿದಂತೆ ಕಮ್ಮಿ, ನಿಜವಾದ ಬೀದಿಯಲ್ಲಿ ಆದ ಹಾಗೇ ಆಗ್ತದೆ. ಒಂದು ಮೀಟರ್ ಮೇಲಿಂದ ಹಿಡಿದ್ರೆ ಎಲ್ಲ ಕಡೆ ಸಮ, ಸ್ಟುಡಿಯೊ ಥರ. ಬಣ್ಣನೂ ಯೋಚಿಸಿ. ಈಗಿನ ಎಲ್‌ಇಡಿ ಬಿಳಿ, ಹಳೇ ಸೋಡಿಯಂ ದೀಪ ಕಿತ್ತಳೆ ಹಳದಿ. ಹಳೇ ಕಾಲದ ಗಾಡಿಯ ಮೇಲೆ ಈಗಿನ ಬಿಳಿ ಬೆಳಕು ಬಿದ್ದರೆ ಕಾಲವೇ ತಪ್ಪಿಹೋಗ್ತದೆ. ಜಾತ್ರೆ ಲೈಟಿಂಗ್‌ನವರ ಹತ್ರ ಕೇಳಿದ್ರೆ ಕಿತ್ತಳೆ ಬಣ್ಣದ ಜಿಲೇಟಿನ್ ಹಾಳೆ ಒಂದು ತುಂಡು ಸುಮ್ನೆ ಕೊಡ್ತಾರೆ.

ನೆಲಕ್ಕೆ ಡಾಂಬರು ಬೇಕಲ್ಲ? ಬಡಿಗೇರರು ಮರ ಉಜ್ಜೋ ಪಾಲಿಶ್ ಪೇಪರ್, 40 ನಂಬರಿನದು. ಅದರ ಕಾಳು ಅರ್ಧ ಮಿಲಿಮೀಟರಿಗೂ ಸಣ್ಣದು, 24ರಿಂದ ಗುಣಿಸಿದ್ರೆ ರಸ್ತೆಯ ಒಂದು ಸೆಂಟಿಮೀಟರ್ ಜಲ್ಲಿ. ಧೂಳಿಗೆ ನಮ್ಮ ಹೊಲದ ಮಣ್ಣನ್ನೇ ತೆಳು ಬಟ್ಟೆಯಲ್ಲಿ ಸೋಸಿ ಇಟ್ಕೊಂಡಿದ್ದೀನಿ, ಕರೀ ಎರೆ ಒಂದು ಡಬ್ಬಿ, ಕೆಂಪು ಮಣ್ಣು ಒಂದು ಡಬ್ಬಿ. ಮಂಜಿಗೆ ಊದಬತ್ತಿ. ಇಪ್ಪತ್ತು ಸೆಕೆಂಡಿನ ಫೋಟೊದಲ್ಲಿ ಹೊಗೆಯ ಸುರುಳಿ ಅಳಿಸಿಹೋಗಿ ತೆಳು ಮಬ್ಬು ಮಾತ್ರ ಉಳೀತದೆ. ನೀರೊಂದೇ ಮೋಸ ಮಾಡೋದು. ಎರಡು ಮಿಲಿಮೀಟರ್ ಹನಿ ಮಾಡೆಲ್ ಬಾನೆಟ್ ಮೇಲೆ ಕೂತರೆ, ನಿಜದ ಅಳತೆಯಲ್ಲಿ ಅದು ನಿಂಬೆಹಣ್ಣಿನ ಗಾತ್ರ! ನಿಂಬೆಹಣ್ಣಿನ ಮಳೆ ಯಾವ ಊರಲ್ಲೂ ಬೀಳಲ್ಲ. ಅದಕ್ಕೆ ಗಾಡಿ ಒಣಗಿರಲಿ, ರಸ್ತೆ ಮಾತ್ರ ಒದ್ದೆ ಇರಲಿ.

ಒಂದು ಎಚ್ಚರಿಕೆ. ರಾತ್ರಿ ಹತ್ತು ಗಂಟೆಗೆ ಹೊಲದ ಬದುವಿನ ಮೇಲೆ ಟಾರ್ಚು, ಊದಬತ್ತಿ, ಎರಡು ಬಣ್ಣದ ಮಣ್ಣು ಇಟ್ಕೊಂಡು ಬಗ್ಗಿ ಕೂತರೆ ಜನ ಏನಂದ್ಕೋತಾರೆ ಹೇಳಿ. ಪಕ್ಕದ ಹೊಲದ ಕಾಕಾ ಬಂದು, ದೂರ ನಿಂತೇ ಕೇಳಿದ್ರು: "ಏ ತಮ್ಮಾ, ನಿಧಿ ತೆಗೀಲತ್ತೀಯೇನು?" ಲಾರಿ ತೋರಿಸಿದೆ. ಹತ್ತಿರ ಬಂದು ಮೊಣಕಾಲೂರಿ ನೋಡಿ, "ಇದರಾಗ ಏನರ ರೊಕ್ಕ ಬರ್ತದೇನು?" ಅಂದ್ರು. ಇಲ್ಲ ಕಾಕಾ ಅಂದೆ. "ಹಂಗಾದ್ರ ನಿಧಿನೇ ಚಲೋ ಇತ್ತು" ಅಂತ ಹೊರಟುಹೋದ್ರು. ನೀವು ಮಾಡೋದಾದ್ರೆ ಅಕ್ಕಪಕ್ಕದವರಿಗೆ ಮೊದಲೇ ಹೇಳಿಬಿಡಿ. ಮತ್ತೆ ರಸ್ತೆಯ ಮೇಲೆ, ರಸ್ತೆ ಅಂಚಿನಲ್ಲಿ ಯಾವತ್ತೂ ಬೇಡ. ದೂರದಿಂದಲೇ ಕೆಲಸ ಆಗ್ತದೆ.

ದೂರದಿಂದ ಹೇಗೆ ಅಂದ್ರೆ, ಅದಕ್ಕೊಬ್ಬ ಗುರು ಇದ್ದಾರೆ. ಅಮೆರಿಕದ ಮೈಕೆಲ್ ಪಾಲ್ ಸ್ಮಿತ್, 2018ರಲ್ಲಿ ತೀರಿಕೊಂಡರು. ಎಲ್ಜಿನ್ ಪಾರ್ಕ್ ಅಂತ ಒಂದು ಊರನ್ನೇ ಕಲ್ಪಿಸಿಕೊಂಡು, 1:24 ಅಳತೆಯ ಹಳೇ ಕಾರುಗಳಿಂದ ಅದನ್ನ ಕಟ್ಟಿದರು. ಒಂದು ಮೇಜಿನ ಮೇಲೆ ಮಾಡೆಲ್ ಇಟ್ಟು, ಆ ಮೇಜನ್ನ ನಿಜವಾದ ಮನೆ, ಮರಗಳ ಮುಂದೆ ದೂರದಲ್ಲಿ ನಿಲ್ಲಿಸಿ, ಮೇಜಿನ ಅಂಚು ಹಿಂದಿನ ನೆಲಕ್ಕೆ ಕೂಡೋ ಹಾಗೆ ಸಣ್ಣ ಸಾದಾ ಕ್ಯಾಮೆರಾ ಹಿಡಿಯೋದು. ಕಂಪ್ಯೂಟರಿನಲ್ಲಿ ಎರಡು ಚಿತ್ರ ಅಂಟಿಸೋ ಕೆಲಸವೇ ಇಲ್ಲ. ಮೆಕ್ಸಿಕೊದ ಫೆಲಿಕ್ಸ್ ಹೆರ್ನಾಂಡೆಸ್ ಇನ್ನೊಂದು ದಾರಿ ಹಿಡಿದವರು, ಸ್ಟುಡಿಯೊದೊಳಗೇ ಮರುಭೂಮಿ, ಹಿಮ, ಮಳೆ ಎಲ್ಲ ಮಾಡ್ತಾರೆ. ಆಡಿ ಕಂಪನಿ ತನ್ನ ದುಬಾರಿ ಆರ್8 ಕಾರಿನ ಚಿತ್ರಗಳಿಗೆ ಇವರಿಂದ ಪುಟಾಣಿ ಮಾಡೆಲ್ ಫೋಟೊ ತೆಗೆಸಿತ್ತು. ಇಬ್ಬರೂ ತಾವು ಹೇಗೆ ಮಾಡಿದ್ವಿ ಅನ್ನೋದನ್ನ ಮುಚ್ಚಿಡಲಿಲ್ಲ, ಮೇಜು, ದೀಪ ಎಲ್ಲ ತೋರಿಸಿದರು.

ನಾನು ಹಿಡಿದಿದ್ದು ಸ್ಮಿತ್ ದಾರಿ. ಹೊಲದ ಬದುವಿನ ಮೇಲೆ ಹಳೇ ಸ್ಟೂಲು, ಅದರ ಮೇಲೆ ಪಾಲಿಶ್ ಪೇಪರ್ ರಸ್ತೆ, ಹಿಂದೆ ದೂರದಲ್ಲಿ ನಿಜವಾದ ಹೆದ್ದಾರಿ. ಅಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗೋ ಲಾರಿ 20 ಸೆಕೆಂಡಿನಲ್ಲಿ 330 ಮೀಟರ್ ದಾಟ್ತದೆ. ಫೋಟೊದಲ್ಲಿ ಲಾರಿ ಕಾಣಲ್ಲ, ಅದರ ದೀಪ ಎಳೆದ ಗೆರೆ ಮಾತ್ರ ಉಳೀತದೆ. ನನ್ನ ಪುಟಾಣಿ ಲಾರಿ ನಿಂತಿರ್ತದೆ, ಹಿಂದೆ ಇಡೀ ಹೈದರಾಬಾದ್–ಪುಣೆ ಟ್ರಾಫಿಕ್ ಬೆಳಕಾಗಿ ಹರೀತಿರ್ತದೆ.

ಲಾರಿನೇ ಯಾಕೆ ಅಂತ ಕೇಳ್ತೀರಿ. ಕಾರಿನ ಮಾಡೆಲ್ ಅಂಗಡಿಯಲ್ಲಿ ಸಿಗ್ತದೆ. ಹಳೇ ಕಾರುಗಳನ್ನ ಜನ ಜೋಪಾನನೂ ಮಾಡ್ತಾರೆ, ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂಗೆ ಹೋದರೆ ಸಾಲಾಗಿ ನಿಂತಿರೋದು ನೋಡಬಹುದು. ಆದರೆ ಹಳೇ ಲಾರಿಯ ದಾರಿ ಗುಜರಿ. ಬಾಡಿ ಬೇರೆ, ಚಾಸಿ ಬೇರೆ, ಎಂಜಿನ್ ಬೇರೆ ಆಗಿ ಮಾರಾಟವಾಗಿ ಹೋಗ್ತದೆ. ನಮ್ಮ ಅಪ್ಪ 22 ವರ್ಷ ಲಾರಿ ಓಡಿಸಿದ್ರು, ಅದರಲ್ಲಿ ಹೆಚ್ಚಿನ ಕಾಲ ಒಂದೇ ಗಾಡಿ, ಟಾಟಾ 1210. ಗಾಡಿ ಮಾಲೀಕರದು. ಅದರದ್ದು ಒಂದು ಫೋಟೊ ಕೂಡ ನಮ್ಮ ಮನೆಯಲ್ಲಿಲ್ಲ. ಮದುವೆಗೆ, ಜಾವಳಕ್ಕೆ ಫೋಟೊಗ್ರಾಫರ್ ಕರೀತಿದ್ದರು, ಲಾರಿಗೆ ಯಾರು ಕರೀತಾರೆ? ನಾನು, ನಮ್ಮಕ್ಕ ಓದಿದ್ದು ಆ ಗಾಡಿಯ ಬಾಡಿಗೆ ಮೇಲೆ. ನನ್ನ ಬಿಕಾಂ ಡಿಗ್ರಿಗೆ ಫ್ರೇಮ್ ಇದೆ, ಅದನ್ನ ಕೊಡಿಸಿದ ಗಾಡಿಗೆ ಒಂದು ಚಿತ್ರ ಇಲ್ಲ.

ಆರು ವರ್ಷದ ಹಿಂದೆ ಅಪ್ಪ ಸ್ಟೇರಿಂಗ್ ಬಿಟ್ಟರು. ಕಣ್ಣು ಮಂಜಾಗಿತ್ತು, ರಾತ್ರಿ ಎದುರಿನ ಲೈಟು ಒಡೆದು ಚೂರುಚೂರಾಗಿ ಕಾಣ್ತಿತ್ತು. ಪೊರೆಯ ಆಪರೇಷನ್ ಆಯ್ತು, ಈಗ ಪೇಪರ್ ಓದ್ತಾರೆ. ಆದ್ರೆ ಆ ವರ್ಷಗಳ ಬಗ್ಗೆ ಮಾತಾಡೋದು ಕಮ್ಮಿ. ಕೇಳಿದ್ರೆ "ಏನೈತಿ ಅದರಾಗ, ಹೊಡದೀವಿ, ಬಂದೀವಿ" ಅಷ್ಟೇ.

ಆ ಲಾರಿಯನ್ನ ನಾನೇ ಮಾಡ್ತೀನಿ ಅಂತ ಕೂತೆ. ಅಳತೆ ಎಲ್ಲಿಂದ ತರೋದು? ಟೈರಿನಿಂದ. 9.00-20 ಟೈರು, ಎತ್ತರ ಸುಮಾರು ಒಂದು ಮೀಟರ್. 24ರಿಂದ ಭಾಗಿಸಿದ್ರೆ 42 ಮಿಲಿಮೀಟರ್. ಅಂಗಡಿಯಲ್ಲಿ ಸ್ಕೇಲು ಹಿಡಿದು ಸರಿಯಾಗಿ 42ರ ಚಕ್ರ ಇರೋ ಆಟಿಕೆ ಹುಡುಕಿ ತಂದೆ. ಚಕ್ರ ಗೊತ್ತಾದ ಮೇಲೆ ಉಳಿದದ್ದನ್ನ ಅಪ್ಪನಿಗೇ ಕೇಳಿದೆ. ಬಾನೆಟ್ ಟೈರಿಗಿಂತ ಎಷ್ಟು ಮೇಲೆ? ಡಾಲಾ ಎಷ್ಟು ಎತ್ತರ? ಮೊದಲ ದಿನ ಬೇಜಾರಿಂದ ಹೇಳಿದ್ರು. ಎರಡನೇ ದಿನ ಎದ್ದು ನಿಂತು, ತಮ್ಮ ಎದೆಗೆ ಕೈ ಹಚ್ಚಿ "ಇಲ್ಲಿಗಿ ಬರ್ತಿತ್ತು" ಅಂತ ತೋರಿಸಿದ್ರು. ನಾನು ಟೇಪ್ ಹಿಡಿದು ಅಪ್ಪನ ಎದೆಯ ಎತ್ತರ ಅಳೆದು ಬರ್ಕೊಂಡೆ. ಆ ಲಾರಿಯ ಅರ್ಧ ಅಳತೆ ಅಪ್ಪನ ಮೈಮೇಲೇ ಇತ್ತು.

ಬೆಳಕಿನ ವಿಷಯದಲ್ಲಂತೂ ಯಾವ ಯೂಟ್ಯೂಬ್ ವಿಡಿಯೊದಲ್ಲೂ ಸಿಗದ ಪಾಠ ಮನೆಯಲ್ಲೇ ಸಿಕ್ತು. "ಡಿಪ್ಪರ್ ಹಾಕಿದಾಗ ಎರಡೂ ಲೈಟ್ ಸೀದಾ ಬೀಳಂಗಿಲ್ಲ ತಮ್ಮಾ. ಎಡಗಡಿ ಅಂಚು ಉದ್ದಕ ಕಾಣಬೇಕು, ಎದುರಿನವನ ಕಣ್ಣಿಗಿ ಹೊಡೀಬಾರದು." ಹೆಡ್‌ಲೈಟಿನ ಗಾಜಿನ ಮೇಲೆ ಬಳಿಯೋ ಕಪ್ಪು ಬೊಟ್ಟು ಇರಲೇಬೇಕು ಅಂದ್ರು, ಅದೂ ಕಣ್ಣಿಗೆ ಹೊಡೀಬಾರದು ಅಂತಲೇ. ಢಾಬಾದ ಮುಂದೆ ನಿಂತರೆ ಗಾಡಿಯ ಒಂದು ಮಗ್ಗುಲು ಟ್ಯೂಬ್‌ಲೈಟಿನ ನೀಲಿ ಬಿಳಿ, ಇನ್ನೊಂದು ಮಗ್ಗುಲು ಬಲ್ಬಿನ ಹಳದಿ ಅಂದ್ರು. ಕೊನೆಗೆ, ಕೇಳದೇ ಇದ್ದರೂ ಒಂದು ಹೇಳಿದ್ರು. ಕ್ಯಾಬಿನ್‌ನಲ್ಲಿ ದೇವರ ಫೋಟೊ ಮುಂದೆ ಸಣ್ಣ ಕೆಂಪು ಬಲ್ಬ್ ಇತ್ತು, ರಾತ್ರಿ ಪೂರ್ತಿ ಅದು ಉರೀತಿತ್ತು.

ಎರಡು ಎಲ್‌ಇಡಿ ಹೆಡ್‌ಲೈಟಿಗೆ, ಒಂದು ಕೆಂಪು ಎಲ್‌ಇಡಿ ಕ್ಯಾಬಿನ್ನಿಗೆ. ಕೆಂಪಿನದು ತೀರಾ ಜೋರಾಗಿ ಉರೀತಿತ್ತು, ಅಕ್ಕನ ಉಗುರುಬಣ್ಣ ಎರಡು ಸಲ ಬಳಿದ ಮೇಲೆ ಹದಕ್ಕೆ ಬಂತು. ಮೂರು ವೋಲ್ಟಿನ ಬಟನ್ ಸೆಲ್ ಡಾಲಾದ ಕೆಳಗೆ. ನಂಬರ್ ಪ್ಲೇಟಿಗೆ ನಂಬರ್ ಕೇಳಿದೆ, ಉಸಿರು ತಗೊಳ್ಳೋದ್ರೊಳಗೆ ಹೇಳಿದ್ರು. ಇಲ್ಲಿ ಹೇಳಲ್ಲ, ಅದು ಅವರದು.

ಫೋಟೊ ಬಂತು. ಟಿವಿಗೆ ಹಚ್ಚಿ ದೊಡ್ಡದು ಮಾಡಿ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿದ್ರು. ಚಂದ ಇದೆ ಅನ್ನಲಿಲ್ಲ. "ಕ್ಲೀನರ್ ಎಲ್ಲಿ?" ಅಂದ್ರು. "ಒಬ್ಬನೇ ರಾತ್ರಿ ಗಾಡಿ ಹೊಡಿಯಂಗಿಲ್ಲ. ನಿದ್ದಿ ಬರ್ತದ. ಮಾತಾಡ್ಲಿಕ್ಕಿ ಒಬ್ಬ ಬೇಕು." ಆಮೇಲೆ ಆ ಹುಡುಗನ ಬಗ್ಗೆ ಒಂದು ಗಂಟೆ ಮಾತಾಡಿದ್ರು. ಎಲ್ಲಿಯವನು, ಹೇಗೆ ಹಾಡ್ತಿದ್ದ, ಸೊಲ್ಲಾಪುರ ದಾಟಿದ ಮೇಲೆ ಚಹಾಕ್ಕೆ ಹೇಗೆ ಹಟ ಮಾಡ್ತಿದ್ದ. ನಮ್ಮವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳ್ತಿದ್ದಳು. ಇಷ್ಟು ವರ್ಷದಲ್ಲಿ ಅವಳಿಗೂ ಇದು ಹೊಸದು. 165 ಸೆಂಟಿಮೀಟರ್ ಆಳು, 24ರಿಂದ ಭಾಗಿಸಿದ್ರೆ ಏಳು ಸೆಂಟಿಮೀಟರಿಗೆ ಸ್ವಲ್ಪ ಕಮ್ಮಿ. ತಂತಿ, ಮಯಣ, ಹಳೇ ಬಟ್ಟೆಯ ತುಂಡಿನಿಂದ ಇಬ್ಬರನ್ನ ಮಾಡಿ ಕೂರಿಸಿದೆ. ಕೆಂಪು ಬೆಳಕಲ್ಲಿ ಮುಖ ಏನೂ ಕಾಣಲ್ಲ, ಎರಡು ತಲೆ ಮಾತ್ರ ಕಾಣ್ತವೆ. ಅಷ್ಟು ಸಾಕಾಯ್ತು.

ಈಗ ಒಂದು ಗಂಭೀರ ಮಾತು. ಇಷ್ಟು ನಿಜ ಅನ್ನಿಸೋ ಚಿತ್ರ ಮಾಡೋದು ಸುಳ್ಳಲ್ವಾ? ಯಾರೋ ಇಂಥ ಫೋಟೊಗೆ 'ಭೀಕರ ಅಪಘಾತ' ಅಂತ ಬರೆದು ವಾಟ್ಸ್‌ಆ್ಯಪ್‌ಗೆ ಬಿಟ್ಟರೆ ಏನು ಗತಿ? ಲಾರಿ ಡ್ರೈವರ್ ಮನೆಯಲ್ಲಿ ಬೆಳೆದವರಿಗೆ ಗೊತ್ತು, ರಾತ್ರಿ ಹನ್ನೊಂದಕ್ಕೆ ಫೋನ್ ಬಂದ್ರೆ ಅವ್ವನ ಮುಖ ಹೇಗಾಗ್ತದೆ ಅಂತ. ಅದಕ್ಕೆ ನನ್ನದು ಎರಡು ನಿಯಮ. ಅಪಘಾತದ ದೃಶ್ಯ ಮಾಡಲ್ಲ, ಎಷ್ಟೇ ಲೈಕ್ ಬರಲಿ. ಪ್ರತಿ ಚಿತ್ರದ ಪಕ್ಕ ಸ್ಟೂಲು, ಟಾರ್ಚು, ನನ್ನ ಕೈ ಎಲ್ಲ ಕಾಣೋ ಇನ್ನೊಂದು ಚಿತ್ರ ಹಾಕ್ತೀನಿ. ಗುಟ್ಟು ಹೇಳಿದ್ರೆ ಮಜಾ ಹೋಗ್ತದೆ ಅಂತಾರೆ, ಹೋಗಲ್ಲ. ಎರಡನೇ ಚಿತ್ರ ನೋಡಿದವರು ಮತ್ತೆ ಮೊದಲನೇದಕ್ಕೆ ಹೋಗಿ ಇನ್ನೂ ಹೊತ್ತು ನೋಡ್ತಾರೆ.

ಖರ್ಚು ಹೇಳದೇ ಹೋದ್ರೆ ನೀವು ಬಿಡಲ್ಲ. ಸನ್‌ಬೋರ್ಡ್ 180 ರೂಪಾಯಿ, ಚಕ್ರಕ್ಕಾಗಿ ತಂದ ಆಟಿಕೆ 150, ಎಲ್‌ಇಡಿ, ವೈರು, ಸೆಲ್ 120, ಪಾಲಿಶ್ ಪೇಪರ್ 60, ಬಣ್ಣ 240, ಟ್ರೇಸಿಂಗ್ ಪೇಪರ್ 30, ಅಂಟು 60. ಒಟ್ಟು 840. ಮೊಬೈಲ್ ಸ್ಟ್ಯಾಂಡ್ 700 ಸೇರಿದ್ರೆ 1,540. ಜಮಾ ಕಡೆ ಏನು ಬರೀಬೇಕು ಅಂತ ನನ್ನ ಡಿಗ್ರಿಯಲ್ಲಿ ಹೇಳಿಕೊಟ್ಟಿಲ್ಲ, ಆದ್ರೆ ಲೆಕ್ಕ ನಷ್ಟದಲ್ಲಿಲ್ಲ.

ನಿಮಗೊಂದು ಹೋಂವರ್ಕ್. ನಿಮ್ಮ ಮನೆಗೆ ಅನ್ನ ಹಾಕಿದ ಗಾಡಿ ಯಾವುದು? ಆಟೊ, ಟೆಂಪೊ, ಟ್ರ್ಯಾಕ್ಟರ್, ಟ್ಯಾಕ್ಸಿ, ಅಜ್ಜನ ಎತ್ತಿನಗಾಡಿಯಾದ್ರೂ ಸರಿ. ಅದನ್ನ ನಡೆಸಿದವರು ಇನ್ನೂ ಮನೆಯಲ್ಲಿದ್ದರೆ, ಇವತ್ತೇ ಹೋಗಿ ಚಕ್ರ ಎಷ್ಟು ಎತ್ತರ ಇತ್ತು ಅಂತ ಕೇಳಿ. ಅವರು ಕೈಯಲ್ಲಿ ತೋರಿಸ್ತಾರೆ. ಟೇಪ್ ಹಿಡಿದು ಬರ್ಕೊಳ್ಳಿ. ಮಾಡೆಲ್ ಮಾಡೋದು, ಫೋಟೊ ತೆಗೆಯೋದು ಆಮೇಲೆ ನೋಡೋಣ.

ಮುಂದಿನ ವಾರ ಮತ್ತೆ ರೊಕ್ಕದ ಮಾತು: ಹಳೇ ಗಾಡಿ ಕೊಳ್ಳುವಾಗ ಸಾಲದ ಕಾಗದದಲ್ಲಿ ಏನೇನು ನೋಡಬೇಕು. ಅಲ್ಲಿಯವರೆಗೆ ರಾತ್ರಿ ಗಾಡಿ ಹೊಡಿಯೋರು ಡಿಪ್ಪರ್ ಹಾಕಿ, ಎದುರಿನವರ ಕಣ್ಣು ಕಾಪಾಡಿ. ಬರ್ತೀನ್ರಿ, ನಮಸ್ಕಾರ.